ಕ್ಯಾಂಪಿನ ಮನೆಗೆ ವರ ನೋಡಲು ಬಂದವರು

ನಮ್ಮ ಮನೆತನದಲ್ಲಿ ಗಂಡಸರ ದನಿ ಸಣ್ಣದು, ಹೆಂಗಸರ ದನಿ ದೊಡ್ಡದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ತಾತ ಮಾತಾಡಿದರೆ ಹೊಸ ಸೊಸೆ ಬಾಗಿಲ ಮರೆಯಿಂದ ಮಾತಾಡಿದಂತೆ ಇರುತ್ತಿತ್ತಂತೆ. ಅವರ ಹೆಂಡತಿ, ಅಂದರೆ ನಾವು ನಾಯನಮ್ಮ ಎಂದು ಕರೆಯುವ ನನ್ನ ಅಜ್ಜಿ, ಹಿತ್ತಲಲ್ಲಿ ನಿಂತು ಕೆಮ್ಮಿದರೆ ಕಾಲುವೆಯ ಆಚೆ ದಂಡೆಯ ಎಮ್ಮೆಗಳು ಮೇಯುವುದು ಬಿಟ್ಟು ತಲೆ ಎತ್ತುತ್ತವೆ. ಅಜ್ಜಿ ತಾತನ ಸ್ವಂತ ಅಕ್ಕನ ಮಗಳು. ಸೋದರಮಾವನನ್ನೇ ಮದುವೆಯಾದವಳು. ಹಾಗಾಗಿ ಇಬ್ಬರದೂ ಒಂದೇ ರಕ್ತ, ಆ ರಕ್ತಕ್ಕೆ ಈ ಒಂದು ಚಾಳಿ.

ಅವರಿಬ್ಬರೂ ತೆಲುಗು ಸೀಮೆಯ, ಕೃಷ್ಣಾ ನದಿಯ ಕಡೆಯ ಒಂದು ಊರಿನಿಂದ ಬಂದವರು. ಇಲ್ಲಿ ತುಂಗಭದ್ರೆಯ ಕಾಲುವೆ ಬಂದಿದೆ, ಕಪ್ಪು ನೆಲ ಇದೆ, ಭತ್ತ ಹಾಕುವವರು ಬೇಕು ಎಂಬ ಸುದ್ದಿ ಕೇಳಿ ಒಂದು ಲಾರಿಯಲ್ಲಿ ಮಂಚ, ಒರಳುಕಲ್ಲು ಮತ್ತು ಒಂದು ಎಮ್ಮೆ ಹಾಕಿಕೊಂಡು ಸಿದ್ದಾಪುರದ ಹತ್ತಿರ ಇಳಿದರು. ಹಾಗೆ ಬಂದವರ ಗುಡಿಸಲುಗಳಿಗೆ ಜನ ಕ್ಯಾಂಪು ಎಂದರು. ಗುಡಿಸಲು ಹೋಗಿ ಎರಡಂತಸ್ತಿನ ಮನೆಗಳಾದರೂ ನಾವು ಇವತ್ತಿಗೂ ಕ್ಯಾಂಪಿನವರೇ.

ಹೊಲ ಕೊಟ್ಟ ಗೌಡರಿಗೆ ಕಣ್ಣಿಗೆ ಪೊರೆ ಬಂದಿತ್ತು. ಅವರು ಕಟ್ಟೆಯ ಮೇಲೆ ಕೂತು ಮಾತಾಡಿದರು, ನಮ್ಮವರಿಬ್ಬರೂ ಕೆಳಗೆ ನಿಂತು ಉತ್ತರ ಕೊಟ್ಟರು. ದಪ್ಪ ದನಿಯವನು ಯಜಮಾನ, ಸಣ್ಣ ದನಿಯವಳು ಅವನ ಹೆಂಡತಿ ಎಂದು ಗೌಡರು ಅವತ್ತೇ ತೀರ್ಮಾನ ಮಾಡಿದರು. ಯಜಮಾನ ಗಟ್ಟಿ ಮನುಷ್ಯ, ಹೆಂಡತಿ ಪಾಪ ಬಹಳ ಸಾಧು ಎಂದು ಊರಿಗೆಲ್ಲ ಹೇಳಿದರು. ಆ ವರ್ಷ ದೀಪಾವಳಿಗೆ ಕರೆಸಿ, ನಾಯನಮ್ಮನ ಕೈಗೆ ಧೋತರ, ಟವೆಲು ಕೊಟ್ಟು, ತಾತನ ಕೈಗೆ ಇಳಕಲ್ ಸೀರೆ, ಕುಬಸದ ಖಣ ಕೊಟ್ಟರು. ಹೊಸ ಊರು, ಬಾರದ ಭಾಷೆ, ಹಿರಿಯ ಮನುಷ್ಯ. ತಪ್ಪು ತಿದ್ದುವುದು ಹೇಗೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ತಾತ ಹೆಗಲ ಮೇಲಿನ ವಸ್ತ್ರ ಚಾಚಿ ಸೀರೆ ಇಸಿದುಕೊಂಡರು.

ಮುಂದೆ ಗೌಡರು ಇರುವವರೆಗೂ ಹಾಗೇ ನಡೆಯಿತು. ತಾತ ಆ ಮನೆಗೆ ಹೋದಾಗಲೆಲ್ಲ "ತಂಗೀ, ಒಳಗ ಹೋಗವಾ" ಎಂದು ಗೌಡರೇ ಅಡುಗೆಮನೆಯ ಕಡೆ ಕಳಿಸುತ್ತಿದ್ದರು. ಅಲ್ಲಿದ್ದ ಹೆಂಗಸರಿಗೆ ನಿಜ ಗೊತ್ತಿತ್ತು. ಆದರೆ ಮಾವನವರ ಮಾತು ಮೀರುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ತಾತನನ್ನು ಒಲೆಯ ಪಕ್ಕ ಕೂರಿಸಿ ಜೋಳದ ರೊಟ್ಟಿ ಬಡಿಯುವುದು ಕಲಿಸಿದರು. ನಮ್ಮ ವಂಶದಲ್ಲಿ ಮೊದಲು ರೊಟ್ಟಿ ಬಡಿದವರು ತಾತ. ಹೊರಗೆ ಕಟ್ಟೆಯ ಮೇಲೆ ನಾಯನಮ್ಮ ಟವೆಲು ಹೆಗಲಿಗೆ ಹಾಕಿಕೊಂಡು ನೀರಿನ ಸರದಿಯ ಮಾತಾಡುತ್ತಿದ್ದಳು.

ಅಪ್ಪ ಹುಟ್ಟಿದ್ದು ಕ್ಯಾಂಪಿನಲ್ಲೇ, ತಾತನ ದನಿ ಹೊತ್ತುಕೊಂಡು. ಅಮ್ಮ ಯಲಬುರ್ಗಾ ಕಡೆಯವಳು. ಒಂದು ಮುಂಗಾರಿನಲ್ಲಿ ಹೆಣ್ಣುಮಕ್ಕಳ ಗುಂಪಿನ ಜೊತೆ ನಾಟಿ ಹಚ್ಚಲು ಬಂದಿದ್ದಳು. ಬಗ್ಗಿ ಸಸಿ ಊರುತ್ತಿದ್ದಾಗ ಹಿಂದಿನಿಂದ ಯಾರೋ "ನೀರು ಬೇಕೇನು?" ಎಂದು ಕೇಳಿದರಂತೆ. ಯಾರೋ ಅಕ್ಕ ಎಂದುಕೊಂಡ ಅಮ್ಮ ತಿರುಗಿ ನೋಡದೆ, "ಈ ಹೊಲದ ಯಜಮಾನ್ರ ಮಗ ಕೆಲಸಕ್ಕ ಬಾರದಾಂವ ಅಂತಾರಲ್ಲ, ಖರೇ ಏನಕ್ಕ?" ಎಂದಳು. "ಹೌದ ನೋಡವಾ, ಸುಮ್ಮನ ಬದುವಿನ ಮ್ಯಾಲ ಓಡಾಡ್ತಾನ" ಎಂದಿತು ದನಿ. ಅದು ಅಪ್ಪನೇ. ಸಾಯಂಕಾಲದವರೆಗೂ ಅವನು ತನ್ನ ಬಗ್ಗೆ ತಾನೇ ಚಾಡಿ ಹೇಳಿಕೊಂಡು ಅವಳ ಹಿಂದೆ ಹಿಂದೆ ನಡೆದನಂತೆ. ಬೇರೆ ಭಾಷೆ, ಬೇರೆ ಜನ ಎಂದು ಎರಡೂ ಮನೆಗಳಲ್ಲಿ ಕೂಗಾಟ ಆಯಿತು. ಮದುವೆಯೂ ಆಯಿತು.

ಆ ಮದುವೆಯ ಒಂದೇ ಮಗು ನಾನು. ಗಂಗಾವತಿಯ ಆಸ್ಪತ್ರೆಯಲ್ಲಿ ಹೆಣ್ಣು ಎಂದು ಹೇಳಿ ಅಮ್ಮನ ಪಕ್ಕ ಮಲಗಿಸಿದರು.

ನಾನು ಹೆಣ್ಣಲ್ಲ ಎಂದು ನನಗೆ ಯಾವಾಗ ತಿಳಿಯಿತು ಎಂದು ಕೇಳುವವರಿದ್ದಾರೆ. ಎಡಗೈ ಯಾವುದು, ಬಲಗೈ ಯಾವುದು ಎಂದು ಯಾವಾಗ ತಿಳಿಯಿತೋ ಅದೂ ಆವಾಗಲೇ ತಿಳಿದಿರಬೇಕು. ನೆನಪಿಲ್ಲ. ನೆನಪಿರುವುದು ಶಾಲೆಯಲ್ಲಿ ಹುಡುಗಿಯರ ಸಾಲಿನಲ್ಲಿ ನಿಂತಾಗ, ಬೇರೆ ಯಾರದೋ ಚಪ್ಪಲಿ ಮೆಟ್ಟಿ ಬಂದವನಂತೆ ಕಾಲಿನ ಕಡೆಯೇ ನೋಡುತ್ತಿದ್ದುದು. ಬೇರೆ ಮನೆಗಳಲ್ಲಾದರೆ ನನ್ನಂಥ ಮಗುವನ್ನು ಬೈಯುತ್ತಾರೆ, ಹೊಡೆಯುತ್ತಾರೆ, ದೇವರ ಹತ್ತಿರ ಕರೆದೊಯ್ಯುತ್ತಾರೆ. ನನ್ನ ಕಷ್ಟ ಬೇರೆ. ನಾನು ಏನು ಮಾಡಿದರೂ ಅದಕ್ಕೆ ನಮ್ಮ ವಂಶದಲ್ಲಿ ಒಬ್ಬಳು ಹೆಂಗಸು ಮೊದಲೇ ಸಿಕ್ಕಿಬಿಡುತ್ತಿದ್ದಳು.

ಜಡೆ ಕತ್ತರಿಸಿಕೊಂಡೆ. ನಾಯನಮ್ಮ ನೋಡಿ, ತನ್ನ ಚಿಕ್ಕಮ್ಮನೂ ಬೇಸಿಗೆಗೊಮ್ಮೆ ತಲೆ ಬೋಳಿಸುತ್ತಿದ್ದಳು, ತಂಪು ಎಂದಳು. ಲಂಗ ಬಿಟ್ಟು ಪ್ಯಾಂಟು ಹಾಕಿದೆ. ಮುತ್ತಜ್ಜಿಯೊಬ್ಬಳು ಕಚ್ಚೆ ಕಟ್ಟಿ ಬಂಡಿ ಹೊಡೆಯುತ್ತಿದ್ದಳು ಎಂದಳು. ದನಿ ಒಡೆದು ದಪ್ಪಗಾಯಿತು. ಅದಕ್ಕಂತೂ ಮನೆಯಲ್ಲಿ ಸಿಹಿ ಮಾಡಿದರು. ಗಂಗಾವತಿಯಲ್ಲಿ ಐಟಿಐ ಸೇರಿ ಡೀಸೆಲ್ ಮೆಕ್ಯಾನಿಕ್ ಕಲಿತು, ಭತ್ತ ಕೊಯ್ಯುವ ಮಷೀನುಗಳ ರಿಪೇರಿಗೆ ನಿಂತೆ. ಮೈಯೆಲ್ಲ ಗ್ರೀಸು ಹಚ್ಚಿಕೊಂಡು ಬಂದ ನನ್ನನ್ನು ಕಂಡು, ಯಾವುದೋ ಕಾಲದ ಯಾವುದೋ ದೊಡ್ಡಮ್ಮ ಕಬ್ಬಿಣ ಕಾಯಿಸಿ ಕುಡುಗೋಲು ಮಾಡುತ್ತಿದ್ದ ಕತೆ ತೆಗೆದಳು. ಅವಳು ಹೇಳುವ ಹೆಂಗಸರಲ್ಲಿ ಎಷ್ಟು ಜನ ನಿಜವಾಗಿ ಹುಟ್ಟಿದ್ದರು ಎಂದು ನನಗೆ ಅನುಮಾನವಿದೆ.

ಕೊನೆಗೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನೇರವಾಗಿ ಹೇಳಿದೆ.

"ನಾನು ಹೆಣ್ಣಲ್ಲ. ಹುಟ್ಟಿದಾಗಿಂದನೂ ಅಲ್ಲ. ನಾನು ಗಂಡಸು. ಇನ್ನ ಮ್ಯಾಲೆ ಹಂಗ ಬದುಕಾಂವ ಅದೀನಿ."

ಅಪ್ಪ ಅನ್ನ ಕಲಸುವುದು ನಿಲ್ಲಿಸಿದ. ಅಮ್ಮ ನಾಯನಮ್ಮನ ಮುಖ ನೋಡಿದಳು. ನಾಯನಮ್ಮ ತೆಲುಗು ಕನ್ನಡ ಕಲಸಿ ಮಾತಾಡುವವಳು. ಸಾರಿನ ಬಟ್ಟಲು ಕೆಳಗಿಟ್ಟು ಸಮಾಧಾನದಿಂದ ಹೇಳಿದಳು:

"ಇದ್ರಾಗ ಹೊಸಾದು ಏಮುಂದಿ? ಈ ಮನ್ಯಾಗ ಯಾವಾಕಿ ಪೂರಾ ಹೆಣ್ಣದಾಳ? ನನಗೂ ದಿನಕ್ಕ ಮೂರು ಸಲ ಹಂಗ ಅನಸ್ತೈತಿ. ನಮ್ಮಮ್ಮಗೂ ಅನಸ್ತಿತ್ತು. ಮದುವಿ ಮಾಡಿದ್ರು, ಸರಿಹೋತು. ಮಜ್ಜಿಗಿ ಹಾಕ್ಕೋ."

"ನಿಮಗ ಹಂಗ ಅನಸ್ತೈತಿ, ನಾನು ಹಂಗ ಅದೀನಿ" ಎಂದೆ.

"ಅದಾ, ಅದನ್ನ ನಮ್ಮಮ್ಮನೂ ಅಂತಿದ್ಲು."

ಅಮ್ಮ ನಡುವೆ ಬಾಯಿ ಹಾಕಿ, "ಇದು ನಿಮ್ಮ ಕಡೀಂದ ಬಂದಿದ್ದು ನೋಡ್ರಿ ಅತ್ತಿ. ನಮ್ಮ ಕಡೆ ಇಂಥಾದ್ದು ಇಲ್ಲ" ಎಂದಳು. ಅಲ್ಲಿಂದ ಮಾತು ಯಾರ ಕಡೆಯಿಂದ ಏನೇನು ಬಂದಿದೆ ಎಂಬಲ್ಲಿಗೆ ಹೋಯಿತು. ನನ್ನ ಚಪ್ಪಟೆ ಪಾದ ಯಾರದು, ಅಪ್ಪನ ಬಿಕ್ಕಳಿಕೆ ಯಾರದು, ಖಾರ ತಡೆಯದ ಹೊಟ್ಟೆ ಯಾರದು ಎಂದು ಇಬ್ಬರೂ ಸಂಜೆಯವರೆಗೆ ಹಂಚಿಕೊಂಡರು. ನಾನು ಕೈ ತೊಳೆದು ಎದ್ದು ಹೋದೆ. ಯಾರೂ ಬೇಡ ಎನ್ನಲಿಲ್ಲ, ಯಾರೂ ನಂಬಲಿಲ್ಲ. ಅಳು ಬರುತ್ತಿತ್ತು, ಆದರೆ ಯಾವ ಕಾರಣಕ್ಕೆ ಅಳಬೇಕು ಎಂಬುದೇ ಕೈಗೆ ಸಿಗದ ಹಾಗೆ ಮಾಡಿದ್ದರು.

ಮದುವೆಯಾದರೆ ಸರಿಹೋಗುತ್ತದೆ ಎಂಬ ನಾಯನಮ್ಮನ ಮಾತು ಮಾತ್ರ ನಿಂತಿತು. ಯಲಬುರ್ಗಾದಿಂದ ಅಮ್ಮನ ಅಣ್ಣನನ್ನು ಕರೆಸಿದರು. ಈ ಸೋದರಮಾವ ಕುರಿ ಸಾಕುವವನು. ಮನುಷ್ಯರ ಬಗ್ಗೆ ಮಾತಾಡುವಾಗಲೂ ಕುರಿಗಳ ಬಗ್ಗೆ ಮಾತಾಡುವಂತೆ ಎದುರಿಗಿರುವವರ ಬೆನ್ನು, ಹಲ್ಲು ನೋಡುತ್ತಾನೆ. ಅವನಿಗೆ ಮಗನಿದ್ದಾನೆ, ಮಗಳಿಲ್ಲ. ನನ್ನನ್ನು ತನ್ನ ಮಗನಿಗೇ ತರಬೇಕೆಂದು ಇದ್ದವನು. ಮಗ ಒಪ್ಪದ ಕಾರಣ ಕುಷ್ಟಗಿ ಹತ್ತಿರದ ಒಂದು ಪರಿಚಯದ ಮನೆಗೆ ಹೇಳಿಬಂದ.

ನಮ್ಮ ಮನೆಯಲ್ಲಿ ಅಪ್ಪನ ಫೋನು ಬಂದರೆ ನಾನು ಎತ್ತುವುದು ರೂಢಿ. ಅಪ್ಪ ಎತ್ತಿದರೆ "ಅಮ್ಮಾರ, ಯಜಮಾನ್ರಿಗೆ ಕೊಡ್ರಿ" ಎನ್ನುತ್ತಾರೆ, ಅವನು ಕಟ್ ಮಾಡಿಬಿಡುತ್ತಾನೆ. ಹಾಗಾಗಿ ಕುಷ್ಟಗಿಯ ಹಿರಿಯರ ಫೋನು ಬಂದಾಗಲೂ ಎತ್ತಿದವನು ನಾನೇ.

"ಯಜಮಾನ್ರೇನ್ರಿ?"

"ಅವರು ಹೊಲಕ್ಕ ಹೋಗ್ಯಾರ್ರಿ. ನಾನು ಮನಿಯಾಂವ."

"ಛಲೋ ಆತು. ನಿಮ್ಮನಿಯಾಗ ಒಬ್ಬಾಕಿ ಹುಡುಗಿ ಅದಾಳ, ನಮ್ಮ ಹುಡುಗಗ ನೋಡ್ರಿ ಅಂತ ಯಲಬುರ್ಗಿಯವ್ರು ಹೇಳಿದ್ರು."

ನನಗೆ ಮುಚ್ಚಿಡುವುದು ಸಾಕಾಗಿತ್ತು. "ಹುಡುಗಿ ಇಲ್ರೀ. ನಮ್ಮನಿಯಾಗ ಇರೋದು ಒಬ್ಬ ಹುಡುಗ, ಅಷ್ಟ" ಎಂದೆ.

ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ಹುಡುಗ ಏನ್ ಮಾಡ್ತಾನ್ರಿ?"

"ಮಷೀನ್ ರಿಪೇರಿ ಮಾಡ್ತಾನ್ರಿ. ಐಟಿಐ ಆಗೈತಿ."

"ಚಟ ಗಿಟ?"

"ಚಾ ಭಾಳ ಕುಡಿತಾನ್ರಿ."

"ಅದು ಇರಲಿ ಬಿಡ್ರಿ. ನೋಡ್ರಿ, ದೇವರು ಮಾಡೋದು ಹಿಂಗ ಇರ್ತೈತಿ. ನಮಗ ಮಗನ ಹಿಂದ ಒಬ್ಬಾಕಿ ಮಗಳೂ ಅದಾಳ. ಐತಾರ ಬಂದು ನಿಮ್ಮ ಹುಡುಗನ್ನ ನೋಡ್ತೀವಿ."

ನಾನು ಏನಾದರೂ ಹೇಳುವಷ್ಟರಲ್ಲಿ ಅವರು ಫೋನಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ಸಂಜೆ ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ: "ಕುಷ್ಟಗಿಯವರು ಐತಾರ ಹುಡುಗನ್ನ ನೋಡಾಕ ಬರ್ತಾರಂತ." ಅಪ್ಪ "ಹುಡುಗನ್ನ ಕರಕೊಂಡು ಬರ್ತಾರಂತ" ಎಂದು ಅಡುಗೆಮನೆಗೆ ಸುದ್ದಿ ಮುಟ್ಟಿಸಿದ. "ನೋಡಾಕ ಅಂದೆ" ಎಂದೆ. "ನೋಡಲಿ ಬಿಡು, ನೋಡಾಕ ಅಲ್ಲೇನು ಬರೋದು" ಎಂದ.

ಐತವಾರ ಕುಷ್ಟಗಿಯವರು ಜೀಪಿನಲ್ಲಿ ಬಂದರು. ಹಿರಿಯರು, ಅವರ ಹೆಂಡತಿ, ಒಬ್ಬ ತಮ್ಮ. ಹುಡುಗ ಇರಲಿಲ್ಲ. ನಮ್ಮವರು ಹುಡುಗ ಹಿಂದೆ ಬೇರೆ ಗಾಡಿಯಲ್ಲಿ ಬರುತ್ತಿರಬೇಕು ಎಂದುಕೊಂಡರು. ಅವರು, ಹುಡುಗ ಒಳಗೆ ಬಟ್ಟೆ ಹಾಕಿಕೊಳ್ಳುತ್ತಿರಬೇಕು ಎಂದುಕೊಂಡರು. ಅಪ್ಪ "ಬರ್ರಿ ಬರ್ರಿ" ಎಂದ ಕೂಡಲೇ ಹಿರಿಯರ ಹೆಂಡತಿ ಮಾತಾಡಿದ ಹೆಂಗಸು ಎಲ್ಲಿ ಎಂದು ಹೊಸ್ತಿಲ ಕಡೆ ನೋಡಿದರು. ಒಳಗಿಂದ ನಾಯನಮ್ಮ "ಕುರ್ಚಿ ಹಾಕು" ಎಂದಳು. ಹಿರಿಯರು ಅರ್ಧ ಎದ್ದು, ಒಳಗಿರುವ ಹಿರೀಕರಿಗೆ ಎಂದು ಗೋಡೆಗೆ ನಮಸ್ಕಾರ ಮಾಡಿ ಕೂತರು.

ಉಪ್ಪಿಟ್ಟು ಬಂತು. ಮಾತು ಶುರುವಾಯಿತು.

"ನಮ್ಮದೇನು ಹೆಚ್ಚಿನ ಬೇಡಿಕಿ ಇಲ್ರಿ" ಎಂದ ಅಪ್ಪ.

"ಅಯ್ಯ, ಅದು ನಾವು ಹೇಳೋ ಮಾತು ಬಿಡ್ರಿ" ಎಂದರು ಹಿರಿಯರು, ಖುಷಿಯಿಂದ. ಹುಡುಗನ ಕಡೆಯವರೇ ಹೀಗೆ ಹೇಳುವುದನ್ನು ಅವರು ಕಂಡಿರಲಿಲ್ಲ.

"ಮದುವಿ ಖರ್ಚು ನಮಗಿರಲಿ" ಎಂದ ಅಪ್ಪ.

ಹಿರಿಯರು ತಮ್ಮನ ಕಡೆ ನೋಡಿದರು, ಆ ತಮ್ಮ ತನ್ನ ಅತ್ತಿಗೆಯ ಕಡೆ ನೋಡಿದ. "ನಮ್ಮ ಹುಡುಗೀಗೆ ಸ್ವಲ್ಪ ಸಿಟ್ಟು ಜಾಸ್ತಿ, ಮೊದಲ ಹೇಳತೀನಿ" ಎಂದರು ಹೆಂಡತಿ, ಇಂಥ ಜನರಿಗೆ ಮೋಸ ಮಾಡಬಾರದೆಂದು.

ಅವರಿಗೆ ಮಗಳೂ ಇದ್ದಾಳೆ, ನನಗೆ ನಾದಿನಿಯಾಗುವವಳಿಗೆ ಸಿಟ್ಟು ಜಾಸ್ತಿ ಎಂದು ಅಮ್ಮನಿಗೆ ಅರ್ಥವಾಯಿತು. "ಹೊಂದಿಕೊಂಡು ಹೋದ್ರ ಆತು ಬಿಡ್ರಿ" ಎಂದಳು. ಎರಡೂ ಕಡೆಯವರಿಗೆ ಒಬ್ಬರ ಮೇಲೊಬ್ಬರಿಗೆ ಗೌರವ ಏರುತ್ತಾ ಹೋಯಿತು. ಹಿರಿಯರು ಉಪ್ಪಿಟ್ಟು ಎರಡನೇ ಸಲ ಹಾಕಿಸಿಕೊಂಡರು.

ಕೊನೆಗೆ ಅಪ್ಪ ಕೇಳಿದ: "ಮತ್ತ, ಕರೀಲೇನ್ರಿ?"

"ಕರೀರಿ, ಕರೀರಿ. ಅದಕ್ಕ ಬಂದೀವಿ."

ಹಾಗೆ ನಾನು ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದೆ. ಇಸ್ತ್ರಿ ಮಾಡಿದ ಶರ್ಟು, ಪ್ಯಾಂಟು. ಅಮ್ಮ ಬೆಳಿಗ್ಗೆಯಿಂದ ಸೀರೆ ಹಿಡಿದುಕೊಂಡು ನನ್ನ ಹಿಂದೆ ತಿರುಗಿ ಸೋತಿದ್ದಳು. ನನ್ನನ್ನು ನೋಡಿ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕುಷ್ಟಗಿಯ ಹೆಣ್ಣುಮಗಳು ಗಂಡನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಗಂಡು ಹುಡುಗ ಆಗಿ ತಾನ ಕಾಫಿ ತಂದಾನ. ಈ ಮನಿ ಬಿಡಬ್ಯಾಡ್ರಿ."

ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೂಡಪ್ಪ ತಮ್ಮಾ" ಎಂದರು. ನಾನು ಕೂತೆ. ಹೊರಗಿನವರೊಬ್ಬರು ನನಗೆ ಎದುರೆದುರೇ, ನನ್ನ ಮನೆಯಲ್ಲೇ, ಅಪ್ಪ ಅಮ್ಮ ಕೇಳುವಂತೆ ತಮ್ಮಾ ಎಂದದ್ದು ಅದೇ ಮೊದಲು. ಕಾಫಿಯ ತಟ್ಟೆ ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದೆ, ಕೊಡುವುದು ಮರೆತು.

ಅಷ್ಟರಲ್ಲಿ ಸೋದರಮಾವ ಬಂದ. ಯಲಬುರ್ಗಾದ ಬಸ್ಸು ತಡವಾಗಿತ್ತು. ಕೈಯಲ್ಲಿ ಬಾಳೆಹಣ್ಣಿನ ಚೀಲ. ಹೊಸ್ತಿಲಲ್ಲೇ ನಿಂತು ಎಲ್ಲರಿಗೂ ಕೈ ಮುಗಿದು, "ಹೆಂಗ, ಹುಡುಗಿ ಮನಸಿಗೆ ಬಂದಳೇನ್ರಿ?" ಎಂದ.

"ಹುಡುಗಿ ನಮ್ಮಾಕಿನ ಅಲ್ರಿ" ಎಂದರು ಹಿರಿಯರು. "ಹುಡುಗ ಮನಸಿಗೆ ಬಂದಾನ."

"ಯಾವ ಹುಡುಗ?"

"ಈ ಹುಡುಗ."

ಸೋದರಮಾವ ನನ್ನನ್ನು ನೋಡಿದ. ಅಪ್ಪ ಸೋದರಮಾವನನ್ನು ನೋಡಿದ. ಹಿರಿಯರು ಉಪ್ಪಿಟ್ಟಿನ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. ಆಗ ನಾನು ಎದ್ದು ನಿಂತು ಹೇಳಿದೆ. ಫೋನಿನಲ್ಲಿ ಮಾತಾಡಿದವನು ನಾನು, ಸುಳ್ಳು ಹೇಳಲಿಲ್ಲ. ನನ್ನನ್ನು ಹುಡುಗಿ ಎಂದು ಬೆಳೆಸಿದ್ದಾರೆ, ನಾನು ಹುಡುಗ. ಇವರಿಗೆ ಹೇಳಿದ್ದೇನೆ, ಇವರು ಅದು ವಂಶದ ಚಾಳಿ ಎನ್ನುತ್ತಾರೆ. ನಿಮ್ಮ ಮಗಳನ್ನು ಕೇಳಲು ನಾನು ನಿಮ್ಮನ್ನು ಕರೆಯಲಿಲ್ಲ, ಮತ್ತೆ ಫೋನು ಮಾಡಿದೆ, ನೀವು ಎತ್ತಲಿಲ್ಲ.

ಹಿರಿಯರು ಬಹಳ ಹೊತ್ತು ಗಡ್ಡ ತುರಿಸಿಕೊಂಡರು. "ಕಾಫಿ ಆರಾಕತ್ತೈತಿ, ಕೊಡು" ಎಂದರು. ಕೊಟ್ಟೆ. ಒಂದು ಗುಟುಕು ಕುಡಿದು, "ಸಂಬಂಧದ ಮಾತು ಬ್ಯಾರೆ. ಅದು ಇಲ್ಲಿಗೆ ಸಾಕು. ಆದ್ರ ನೀನು ಫೋನಿನ್ಯಾಗ ಖರೇನ ಹೇಳಿದಿ ಬಿಡು. ಚಾ ಭಾಳ ಕುಡಿತಾನ ಅಂತನೂ ಹೇಳಿದಿ" ಎಂದರು.

ಸುಮ್ಮನಿರಲಾರದೆ ಸೋದರಮಾವ ನಡುವೆ ಬಂದ. ತಳಿಯ ವಿಷಯ ತನಗೆ ಗೊತ್ತಿದೆ ಎಂದು ಅವನಿಗೆ ಯಾವಾಗಲೂ ಇರುವ ನಂಬಿಕೆ. "ತಾಯಿಯಂಗ ಮಗಳು, ನೂಲಿನಂಗ ಸೀರಿ ಅಂತಾರ. ನಮ್ಮ ತಂಗಿ ನೆಟ್ಟಗ ಅದಾಳ. ಮಗಳೂ ನೆಟ್ಟಗ ಇರಬೇಕಲ್ಲ" ಎಂದ.

ಅಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಬಂದವರ ಮುಂದೆ ಮಾನ ಹೋಯಿತೆಂಬ ಸಿಟ್ಟೋ, ಅಣ್ಣನ ಮೇಲಿನ ಹಳೆಯ ಸಿಟ್ಟೋ ತಿಳಿಯದು. ಸೆರಗು ಕೆಳಗೆ ಬಿಟ್ಟು, "ಆ ಗಾದಿ ಇಲ್ಲಿ ಹೆಂಗ ಹತ್ತತೈತಿ? ಅಂವಾ ಮಗಳಲ್ಲ ಅಂತ ಆಗಿಂದ ಹೇಳಾಕತ್ಯಾನಲ್ಲ" ಎಂದಳು.

ಹೇಳಿ ಮುಗಿದ ಮೇಲೆ ತಾನೇನು ಹೇಳಿದೆ ಎಂದು ಅವಳಿಗೆ ಕೇಳಿಸಿತು. ಎಲ್ಲರಿಗೂ ಕೇಳಿಸಿತು. ಅವಳು ಬಾಳೆಹಣ್ಣಿನ ಚೀಲ ಇಸಿದುಕೊಂಡು ಒಳಗೆ ಹೋದಳು.

ಆಗಲೇ ನಾಯನಮ್ಮ ಹೊರಗೆ ಬಂದಳು. ಗೋಡೆಯ ಹಿಂದಿನ ಹಿರೀಕ ಸೀರೆ ಉಟ್ಟು ಬಂದದ್ದನ್ನು ಕಂಡು ಕುಷ್ಟಗಿಯ ತಮ್ಮ ಎದ್ದೇ ನಿಂತ. ಅವಳು ಯಾರನ್ನೂ ಲೆಕ್ಕಿಸದೆ, "ಇದು ನಮ್ಮ ಕಡೀಂದ ಬಂದಿದ್ದು. ಯಾರೂ ಜಗಳ ಮಾಡಬ್ಯಾಡ್ರಿ" ಎಂದು ಭೂಮಿಯ ತಂಟೆ ತೀರಿಸುವವಳಂತೆ ಹೇಳಿದಳು. ಬಂದವರು ಅದಕ್ಕೂ ತಲೆಯಾಡಿಸಿ, ತಾಂಬೂಲ ತೆಗೆದುಕೊಂಡು ಜೀಪು ಹತ್ತಿದರು.

ಅವರನ್ನು ಕಳಿಸಿ ಅಪ್ಪ ಕಾಲುವೆಯ ದಂಡೆಯ ಮೇಲೆ ಹೋಗಿ ಕೂತ. ನಾನೂ ಹೋದೆ. ಅಪ್ಪ ಮನೆಯಲ್ಲಿ ಹೆಚ್ಚು ಮಾತಾಡುವವನಲ್ಲ. ತನ್ನ ದನಿ ತಾನೇ ಕೇಳಿಸಿಕೊಳ್ಳಲು ಇಷ್ಟವಿಲ್ಲದವನು.

"ಸಾಲಿಯಾಗ ನನ್ನ ಹೆಣ್ಣಿಗ ಅಂತಿದ್ರು" ಎಂದ, ನೀರು ನೋಡುತ್ತಾ. "ಫೋನು ಬಂದ ಮ್ಯಾಲೆ ಅಮ್ಮಾರ ಅಂತಾರ. ನಾನು ಗಂಡಸು ಅದೀನ್ರಿ ಅಂದ್ರ, ಆಗಲಿ ಅಮ್ಮಾರ, ಯಜಮಾನ್ರಿಗೆ ಕೊಡ್ರಿ ಅಂತಾರ. ಅದು ಹೆಂಗ ಆಗತೈತಿ ಗೊತ್ತೈತೇನು, ನಾನು ಇದು ಅಂತ ಹೇಳಿದ ಮ್ಯಾಲೂ ಮಂದಿ ನಂಬದಿದ್ರ?"

"ಗೊತ್ತೈತಿ" ಎಂದೆ.

ಅವನು ನನ್ನ ಕಡೆ ತಿರುಗಿದ. ಅಷ್ಟೂ ದಿನ ಆ ಎರಡು ವಿಷಯಗಳನ್ನು ಅವನು ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ. "ಹೌದಲ್ಲ, ನಿನಗ ಗೊತ್ತಿರಬೇಕು" ಎಂದ. ಎದ್ದಾಗ, "ಏನೇನು ಮಾಡಬೇಕು ಹೇಳು, ನಾನು ಕೂಡ ಬರ್ತೀನಿ" ಎಂದ.

ಬಂದ. ಹುಬ್ಬಳ್ಳಿಯ ಡಾಕ್ಟರ ಹತ್ತಿರ ಬಂದ. ಔಷಧ ಶುರುಮಾಡಿದರೆ ದನಿ ಗಡಸಾಗುತ್ತದೆ, ಗಾಬರಿಯಾಗಬೇಡಿ ಎಂದು ಡಾಕ್ಟರು ಹೇಳಿದರು. ನಾನು "ಆಗಲಿ ಡಾಕ್ಟರೆ" ಎಂದೆ. ಅವರು ಪೆನ್ನು ಕೆಳಗಿಟ್ಟು, ಎಲ್ಲಿಯಾದರೂ ಮೊದಲೇ ಔಷಧ ತೆಗೆದುಕೊಂಡಿದ್ದೀರಾ ಎಂದು ಕೇಳಿದರು. ತಿಂಗಳುಗಳು ಕಳೆದರೂ ದನಿ ಇದ್ದಲ್ಲೇ ಇತ್ತು. ಅದಕ್ಕೆ ಇಳಿಯಲು ಕೆಳಗೆ ಜಾಗವಿಲ್ಲ ಎಂದು ನಾಯನಮ್ಮ ಹೇಳಿದಳು.

ಕಾಗದಪತ್ರಗಳಲ್ಲಿ ಹೆಸರು, ಲಿಂಗ ತಿದ್ದಿಸಲು ಕೊಪ್ಪಳಕ್ಕೂ ಅಪ್ಪ ಬಂದ. ಹಿಟ್ನಾಳದ ಹತ್ತಿರ ಬಸ್ಸು ನಿಂತಾಗ ಇಬ್ಬರೂ ಮಿರ್ಚಿ ತಿಂದು, ಏನು ಕೇಳಿದರೆ ಏನು ಹೇಳಬೇಕು ಎಂದು ತಯಾರಿ ಮಾಡಿಕೊಂಡೆವು. ಕಚೇರಿಯಲ್ಲಿ ಮೇಜಿನ ಹಿಂದಿದ್ದವರು ತಲೆ ಬಗ್ಗಿಸಿ ಬರೆಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಮೇಲೆ ಅಪ್ಪ "ಇಂವಾ ನನ್ನ ಮಗ, ನಾನು ಸಾಕ್ಷಿ ಹೇಳಾಕ ಬಂದೀನ್ರಿ" ಎಂದ. ಅವರು ಬರೆಯುವುದು ನಿಲ್ಲಿಸಿದರು.

"ತಾಯಿಯವರು ಬಂದಾರೇನು? ಮುಂದ ಬರ್ರಿ."

"ನಾನು ತಂದಿ ಅದೀನ್ರಿ."

ಆಗ ತಲೆ ಎತ್ತಿದರು. ಅಪ್ಪನ ಮೀಸೆ ನೋಡಿದರು. ಇನ್ನೊಮ್ಮೆ ಮಾತಾಡಿಸಿದರು. ಪಕ್ಕದ ಮೇಜಿನವರನ್ನೂ ಕರೆದರು. ಅಪ್ಪನ ಆಧಾರ್ ಕೇಳಿದರು, ಅದರಲ್ಲಿನ ಫೋಟೋ ಹಿಂದೆ ಮುಂದೆ ತಿರುಗಿಸಿದರು. "ನಿಮ್ಮ ಮಗಂದು ಸರಳ ಐತ್ರಿ, ಅದ್ರಾಗ ಏನೂ ತೊಂದರಿ ಇಲ್ಲ. ನಿಮ್ಮದ ಸ್ವಲ್ಪ ತಿಳೀವಲ್ದು" ಎಂದರು. ಕೊನೆಗೆ ನಾನು, ಇವನೇ ನನ್ನ ತಂದೆ, ಇವನು ಗಂಡಸು ಎಂದು ಬಾಯಿಮಾತಿನ ಸಾಕ್ಷಿ ಹೇಳಿದ ಮೇಲೆ ಅರ್ಜಿ ಮುಂದೆ ಹೋಯಿತು. ಬಸ್ಸಿನಲ್ಲಿ ಅಪ್ಪ ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಅವನು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಇತ್ತ ಕ್ಯಾಂಪಿನಲ್ಲಿ ಜನ ತಮಗೆ ತಿಳಿದ ಹಾಗೆ ಒಂದು ಕತೆ ಮಾಡಿಕೊಂಡಿದ್ದರು. ನಾನು ಹುಟ್ಟಿದ್ದೇ ಗಂಡಾಗಿ. ಗಂಡುಮಗು ಉಳಿಯುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಮನೆಯವರು ದೇವರಿಗೆ ಹರಕೆ ಹೊತ್ತು, ಹೆಣ್ಣೆಂದು ಹೇಳಿ ಬೆಳೆಸಿದರು. ಈಗ ಗಂಡಾಂತರ ಕಳೆಯಿತು, ಹರಕೆ ತೀರಿತು. ಈ ಕತೆ ಎಲ್ಲರಿಗೂ ಹಿಡಿಸಿತು. ಪಕ್ಕದ ಮನೆಯ ಮುದುಕಿ, ಹುಟ್ಟಿದ ಗಳಿಗೆಯಲ್ಲಿ ತಾನೇ ಕಣ್ಣಾರೆ ನೋಡಿದ್ದೆ, ಗಂಡೇ ಎಂದು ಕಟ್ಟೆಯ ಮೇಲೆ ಆಣೆ ಇಟ್ಟಳು. ಗಂಗಾವತಿಯ ಆ ಆಸ್ಪತ್ರೆಯ ಬಾಗಿಲನ್ನೂ ಅವಳು ಕಂಡವಳಲ್ಲ. ಕತೆ ಬೆಳೆಯುತ್ತಾ ಹೋದಂತೆ ಜನ ಅಮ್ಮನನ್ನು ಕೇಳತೊಡಗಿದರು: "ಹರಕಿ ಊಟ ಯಾವಾಗವಾ?"

"ಯಾವ ಹರಕಿನೂ ಇಲ್ಲ, ಯಾವ ದೇವರೂ ಇಲ್ಲ" ಎಂದು ಅಮ್ಮ ಬಾಗಿಲಲ್ಲಿ ನಿಂತು ಜಗಳವಾಡಿದಳು. "ಊಟ ಹಾಕಾಕ ಜೀವ ಒಲ್ಲಂತೈತಿ, ಅದಕ್ಕ ಹಂಗಂತಾಳ" ಎಂದರು ಜನ. ಆ ಮಾತು ಅವಳಿಗೆ ನಾಟಿತು. ಮುಂದಿನ ಐತವಾರಕ್ಕೇ ಊಟ ಇಟ್ಟಳು.

ನಾನು ಬೇಡವೆಂದೆ. ಇಷ್ಟು ಕಷ್ಟಪಟ್ಟು ಬಾಯಿಬಿಟ್ಟು ಹೇಳಿದ ನಿಜವನ್ನು ತೆಗೆದು, ಅದರ ಜಾಗದಲ್ಲಿ ಒಂದು ಸುಳ್ಳು ಕೂರಿಸಿ, ಅದಕ್ಕೆ ಹೋಳಿಗೆ ಬಡಿಸುವುದೇನು ಎಂದೆ. ನಾಯನಮ್ಮ ಹೇಳಿದಳು, "ನಿನ್ನ ನಿಜ ನಿನ್ನ ಹತ್ರ ಇಟ್ಕೋ. ಅವರು ತಿಂದು ಹೋಗಲಿ."

ಕ್ಯಾಂಪು ಪೂರ್ತಿ ಬಂತು, ಸಿದ್ದಾಪುರದಿಂದ ಬಂದರು, ನಾನು ಮಷೀನು ರಿಪೇರಿ ಮಾಡಿಕೊಟ್ಟ ಊರುಗಳವರೂ ಬಂದರು. ಅಮ್ಮನ ಕಡೆಯವರು ಹೋಳಿಗೆ ಎಂದದ್ದನ್ನು ನಾಯನಮ್ಮನ ಕಡೆಯವರು ಬೊಬ್ಬಟ್ಟು ಎಂದರು, ಯಾರದು ತೆಳ್ಳಗೆ ಎಂಬ ಬಗ್ಗೆ ಒಂದು ಸಣ್ಣ ಮನಸ್ತಾಪವಾಯಿತು. ಇಲ್ಲದ ಹರಕೆಗೆ ದೇವರು ಯಾವುದು ಎಂದು ಯಾರೋ ಕೇಳಿದಾಗ ಅಮ್ಮ ಒಂದು ದೇವರು ಹೇಳಿದಳು, ನಾಯನಮ್ಮ ಇನ್ನೊಂದು ಹೇಳಿದಳು. ಎರಡಕ್ಕೂ ಕಾಯಿ ಒಡೆದರು. ಕುಷ್ಟಗಿಯ ಹಿರಿಯರೂ ಬಂದಿದ್ದರು. ಬಂದವರಲ್ಲಿ ನಿಜ ಗೊತ್ತಿದ್ದ ಹೊರಗಿನವರು ಅವರೊಬ್ಬರೇ. ನನ್ನ ಪಕ್ಕ ಕೂತು ಊಟ ಮಾಡಿ, ಹರಕೆಯ ವಿಷಯ ಬಂದಾಗಲೆಲ್ಲ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ಆ ದಿನ ನನಗೆ ದುಃಖವಿತ್ತು, ಸುಳ್ಳು ಹೇಳುವುದಿಲ್ಲ. ಗಂಡಸರ ಪಂಕ್ತಿಯಲ್ಲಿ ಕೂತಿದ್ದೆ, ಸುಖವೂ ಇತ್ತು. ಎರಡೂ ಒಂದೇ ಎಲೆಯಲ್ಲಿ ಇದ್ದವು.

ತೆಲುಗಿನಲ್ಲಿ ಹುಡುಗ ಬಂದರೆ ವಚ್ಚಾಡು ಎನ್ನುತ್ತಾರೆ. ಹುಡುಗಿ ಬಂದರೂ ಎಮ್ಮೆ ಬಂದರೂ ವಚ್ಚಿಂದಿ. ಆ ಸಂಜೆ ಪಾತ್ರೆ ತೊಳೆಯುವವರು ನಾನೆಲ್ಲಿ ಎಂದು ಕೇಳಿದಾಗ ನಾಯನಮ್ಮ ಹಿತ್ತಲಿನಿಂದ, "ಇಪ್ಪುಡೇ ವಚ್ಚಾಡು" ಎಂದಳು, ಈಗಷ್ಟೇ ಬಂದ ಎಂದು. ಆಚೆ ದಂಡೆಗೂ ಕೇಳಿಸಿರಬೇಕು. ನಾನು ಬಾವಿಯ ಕಟ್ಟೆಯ ಹಿಂದೆ ನಿಂತು ಮುಖ ತೊಳೆದುಕೊಂಡೆ.

ಎಲ್ಲರಿಗಿಂತ ತಡವಾಗಿ ಸಮಾಧಾನವಾದವನು ಸೋದರಮಾವ. ಮಗ ಮೊದಲೇ ಒಲ್ಲೆ ಎಂದಿದ್ದರೂ, ತನಗೆ ಸೊಸೆಯಾಗುವವಳು ಕೈತಪ್ಪಿದಳು ಎಂದು ವರ್ಷವಿಡೀ ಕೊರಗಿದ. ಹೋದ ಸುಗ್ಗಿ ಮುಗಿದ ಮೇಲೆ ಒಂದು ದಿನ ಫೋನು ಮಾಡಿ, ಕುರಿ ಸಂತೆಗೆ ಬಾ, ಒಬ್ಬನಿಗೇ ಆಗುವುದಿಲ್ಲ ಎಂದ. ಹೋದೆ. ಸಂತೆಯಲ್ಲಿ ಅವನಿಗೆ ಗೊತ್ತಿಲ್ಲದವರಿಲ್ಲ. ಎದುರಾದ ಎಲ್ಲರಿಗೂ ನನ್ನ ಬೆನ್ನ ಮೇಲೆ ಕೈಯಿಟ್ಟು, "ನಮ್ಮ ಅಳಿಯಾ" ಎಂದು ಹೇಳುತ್ತಾ ಹೋದ. ಅಕ್ಕತಂಗಿಯರ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಟಗರು ನೋಡುತ್ತಿದ್ದ ಒಬ್ಬ ಹಳೆಯ ಸ್ನೇಹಿತ ಕೈ ಬಿಟ್ಟು ನಿಂತ.

"ಅಳಿಯಾ? ನಿನಗ ಮಗಳ ಇಲ್ಲಲ್ಲೋ ಮಾರಾಯ."

ಸೋದರಮಾವ ನನ್ನ ಮುಖ ನೋಡಿದ, ಅವನ ಮುಖ ನೋಡಿದ. ತಂಗಿಗೂ ಒಂದೇ ಮಗು, ಅದು ಹೆಣ್ಣು ಎಂದು ಆ ಸ್ನೇಹಿತನಿಗೆ ತಾನೇ ಎಷ್ಟೋ ಸಲ ಹೇಳಿದವನು.

"ಅದು ದೊಡ್ಡ ಕತಿ ಐತಿ" ಎಂದ. "ಮೊದಲ ನೀ ಟಗರಿನ ಹಲ್ಲು ನೋಡು."

ಸ್ನೇಹಿತ ಬಗ್ಗಿ ಟಗರಿನ ತುಟಿ ಬಿಡಿಸಿದ. ನಾನು ಅದರ ಕೊಂಬು ಹಿಡಿದುಕೊಂಡೆ.